ಹಲ್ಲಿನ ಗಂಜಿ

ಹಿರಾಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕದ್ದನ್ನು ಇಚಲಕರಂಜಿಯ ಆ ನೇಕಾರ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಓಣಿಗೆ ಹೊಸದಾಗಿ ಬಂದವರು, ಎಂಥ ಮರ್ಯಾದಸ್ಥ ಹೆಂಗಸಪ್ಪ ಅಂದುಕೊಳ್ಳುತ್ತಿದ್ದರು. ಅದರಲ್ಲಿ ಮರ್ಯಾದೆಯದೇನೂ ಇರಲಿಲ್ಲ. ಇಪ್ಪತ್ತೆರಡು ತುಂಬುವಷ್ಟರಲ್ಲಿ ಅವಳ ಮುಂದಿನ ಹಲ್ಲೆಲ್ಲ ಹೋಗಿದ್ದವು. ಮೂವತ್ತರ ಹೊತ್ತಿಗೆ ಉಳಿದವೂ ಅವುಗಳ ದಾರಿ ಹಿಡಿದವು. ಹುಳುಕಿಲ್ಲ, ನೋವಿಲ್ಲ; ಬಿಳಿಯ ಗಟ್ಟಿ ಹಲ್ಲು ಒಂದೊಂದಾಗಿ ಅಲ್ಲಾಡಿ ಕೈಗೆ ಬಂದುಬಿಟ್ಟಿದ್ದವು. ಅತ್ತೆ ಅವಳನ್ನು ‘ಬೊಚ್ಚಿ’ ಎಂದು ಕರೆಯತೊಡಗಿದವಳು ಸಾಯುವ ತನಕ ಹಾಗೇ ಕರೆದಳು. ಗಂಡ ತಮ್ಮಣ್ಣ ಒಳ್ಳೆಯ ಮನುಷ್ಯ, ತಾನು ಎಂದೂ ಹಾಗನ್ನಲಿಲ್ಲ. ತಾಯಿ ಅನ್ನುವಾಗ ಬೇಡ ಅಂತಲೂ ಅನ್ನಲಿಲ್ಲ.

ತಮ್ಮಣ್ಣನ ಹಿರಿಯರು ರಬಕವಿ ಕಡೆಯ ಕೈಮಗ್ಗದವರು. ಇಲ್ಲಿ ಬಂದು ನಿಂತ ಮೇಲೆ ಮನೆಯ ಮಗ್ಗ ಬಿಚ್ಚಿ ಅಟ್ಟ ಸೇರಿತು, ತಮ್ಮಣ್ಣ ಪವರಲೂಮ್ ಶೆಡ್ಡಿಗೆ ಕೂಲಿಗೆ ಸೇರಿದ. ಹಿರಾಬಾಯಿಯೂ ಹದಿನೇಳರ ಮಗಳು ಶೆವಂತಾಳೂ ಮನೆಯಲ್ಲಿ ರಾಟೆಯ ಮುಂದೆ ಕೂತು ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತುತ್ತಿದ್ದರು. ಕೈಮಗ್ಗದ ಕಾಲದಲ್ಲಿ ನೂಲಿಗೆ ಗಂಜಿ ಕಾಯಿಸಿ ಹಚ್ಚುವ ಕೆಲಸ ಹಿರಾಬಾಯಿಯದಾಗಿತ್ತು. ಗಂಜಿ ತೆಳುವಾದರೆ ನೂಲು ಮಗ್ಗದ ಮೇಲೆ ನಿಲ್ಲುವುದಿಲ್ಲ, ದಪ್ಪವಾದರೆ ಕಟ್ಟಿಗೆಯ ಹಾಗೆ ಮುರಿಯುತ್ತದೆ. ಅವಳು ಬೆರಳ ತುದಿ ಅದ್ದಿ ನೋಡಿ ಹೇಳಿಬಿಡುತ್ತಿದ್ದಳು. ಅಕ್ಷರ ಬಾರದಿದ್ದರೇನು, ಗಂಜಿಯ ಮಾತು ಬಂದಾಗ ಓಣಿಯ ಗಂಡಸರೂ ಅವಳ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಶೆವಂತಾ ಮಾತ್ರ ತಾಯಿಗೆ ತದ್ವಿರುದ್ಧ. ಅವಳಿಗೆ ನಗಲು ಕಾರಣವೇ ಬೇಡ. ಎದುರು ಮನೆಯ ಆಡು ಸೀನಿದರೂ ನಗುತ್ತಿದ್ದಳು, ಬಾಯಿ ತುಂಬ, ಮೂವತ್ತೆರಡೂ ಕಾಣುವ ಹಾಗೆ. ಆ ವರ್ಷ, ಅಂದರೆ ಅರವತ್ತನಾಲ್ಕರ ಮಾಘದಲ್ಲಿ, ಗಡಹಿಂಗ್ಲಜದಿಂದ ಅವಳನ್ನು ನೋಡಲು ಬಂದರು. ಹುಡುಗ ಶಂಕರಲಿಂಗನಿಗೆ ಅಲ್ಲಿ ಬಸ್ ಸ್ಟ್ಯಾಂಡಿನ ಬಳಿ ಸೈಕಲ್ ರಿಪೇರಿಯ ಅಂಗಡಿ. ತಾಯಿ ಇಲ್ಲದ ಅವನನ್ನು ಸೋದರತ್ತೆ ಇಂದುಬಾಯಿ ಸಾಕಿದ್ದಳು. ಮಾತೆಲ್ಲ ಮುಗಿದ ಮೇಲೆ ಇಂದುಬಾಯಿ ಅಡಿಗೆಮನೆಗೆ ಬಂದು ಹಿರಾಬಾಯಿಯ ಕಿವಿಯಲ್ಲಿ ಹೇಳಿದಳು:

“ನಮ್ಮ ಹುಡುಗ ಏನೂ ಕೇಳಲಿಲ್ಲ ನೋಡ್ರಿ. ಹುಡುಗಿ ಭಾಳ ಚಂದ ನಗ್ತಾಳ, ಅಷ್ಟs ಸಾಕು ಅಂದ.”

ಆ ಒಂದು ಮಾತನ್ನು ಹಿರಾಬಾಯಿ ಎಷ್ಟು ದಿನ ಮೆಲುಕು ಹಾಕಿದಳೋ. ವೈಶಾಖದಲ್ಲಿ ಗಡಹಿಂಗ್ಲಜದಲ್ಲೇ ಮದುವೆ ಎಂದು ಗೊತ್ತಾಯಿತು.

ಹೋಳಿ ಕಳೆದು ಎಂಟು ದಿನವಾಗಿತ್ತು. ಶೆವಂತಾ ರಾಟೆಯ ಮುಂದೆ ಕೂತಿದ್ದಳು. ನೂಲು ಹರಿದರೆ ಗಂಟು ಹಾಕಿ ತುದಿಯನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುವುದು ಎಲ್ಲರ ರೂಢಿ. ಅವಳೂ ಕಚ್ಚಿದಳು. ಬಿಳಿಯ ನೂಲು ಒಂದು ಬೆರಳಿನಷ್ಟು ಕೆಂಪಾಗಿ ಹೊರಗೆ ಬಂತು.

“ಎಷ್ಟ ದಿನಾತು?” ಎಂದಳು ಹಿರಾಬಾಯಿ.

“ಹೋದ ದೀಪಾವಳಿಯಿಂದ, ಅವ್ವಾ. ನೋವಿಲ್ಲ. ತಿಕ್ಕಿದ್ರ ರಕ್ತಾ ಬರ್ತದಂತ ತಿಕ್ಕೂದs ಬಿಟ್ಟೇನಿ.”

ಹಿರಾಬಾಯಿ ಮಗಳನ್ನು ಬಾಗಿಲ ಬೆಳಕಿಗೆ ಕರೆತಂದು ತುಟಿ ಎತ್ತಿದಳು. ಮುಂದಿನ ಮೇಲಿನ ಎರಡು ಹಲ್ಲುಗಳ ನಡುವೆ ಹಿಂದೆಂದೂ ಇಲ್ಲದ ಸಂದು. ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಹಲ್ಲು ಒಳಗೆ ಹೋಗಿ ಮತ್ತೆ ಹೊರಗೆ ಬಂತು. ಆ ಅಲುಗಾಟ ಅವಳ ಬೆರಳಿಗೆ ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ ತನ್ನ ಬಾಯಲ್ಲಿ ದಿನಾ ನೂರು ಸಲ ಹೀಗೇ ಒತ್ತಿ ನೋಡುತ್ತಿದ್ದಳು. ಅತ್ತೆ ಸತ್ತು ಆರು ವರ್ಷವಾಗಿದ್ದರೂ ಅವಳ ‘ಬೊಚ್ಚೀ’ ಎಂಬ ಕೂಗು ಕಿವಿಯಲ್ಲೇ ಕೇಳಿಸಿತು.

ಅಂಬಾಬಾಯಿಯ ದರ್ಶನಕ್ಕೆ ಎಂದು ಗಂಡನಿಗೆ ಹೇಳಿ, ಮಂಗಳವಾರ ಮಗಳನ್ನು ಕರೆದುಕೊಂಡು ಕೊಲ್ಹಾಪುರದ ಬಸ್ಸು ಹತ್ತಿದಳು. ಸುಳ್ಳಾಗಬಾರದೆಂದು ಗುಡಿಗೂ ಹೋಗಿ, ಅಲ್ಲಿಂದ ಓಣಿಯವರು ಯಾರೋ ಎಂದೋ ಹೇಳಿದ್ದ ಹಲ್ಲಿನ ಡಾಕ್ಟರರ ಮನೆ ಹುಡುಕಿದಳು. ಬಾಬಾಸಾಹೇಬ ಡಾಕ್ಟರು ವಯಸ್ಸಾದವರು. ಬೆಳಗಾವಿಯಲ್ಲಿ ಬೆಳೆದವರಾದ್ದರಿಂದ ಕನ್ನಡ ಬರುತ್ತಿತ್ತು. ರೋಗದ ಮಾತೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು, ಧೈರ್ಯ ತುಂಬುವಾಗ ಮಾತ್ರ ತಮಗೆ ಗೊತ್ತಿಲ್ಲದೆ ಮರಾಠಿಗೆ ಹೊರಳುತ್ತಿದ್ದರು.

“ಘಾಬರೂ ನಕಾ, ಬಾಯಿ,” ಎಂದರು, ಶೆವಂತಾಳ ಬಾಯಲ್ಲಿ ಸಣ್ಣ ಕನ್ನಡಿ ಆಡಿಸುತ್ತ. ಹೆದರಬೇಡಿ ತಾಯಿ ಎಂದರ್ಥ; ಆಮೇಲೆ ಕನ್ನಡ. “ಹಲ್ಲಿಗೇನೂ ಆಗಿಲ್ಲ. ಹಲ್ಲ ಕುಂತ ಎಲುಬು ಸವದೈತಿ. ವಸಡಿ ಹಲ್ಲ ಬಿಟ್ಟು ಕಿಸೆ ಆಗ್ಯಾವ, ಕಿಸೆದಾಗ ಕೀವು ಕುಂತೈತಿ. ಪಾಯೋರಿಯಾ ಅಂತೇವಿ. ಈ ಹುಡುಗಿಗೆ ಸಣ್ಣ ವಯಸ್ಸಿನಾಗ ಬಂದೈತಿ, ಜೋರ್ ಐತಿ. ಹಲ್ಲಿನ ಬುಡಕ್ಕ ಹತ್ತಿದ ಕಿಟ್ಟ ಪೂರಾ ತಗೀಬೇಕು. ಆರು ಮಂಗಳವಾರ ಬರ್ರಿ. ಎಲ್ಲಾ ಉಳಿಸ್ತೇನಿ ಅನ್ನೂದಿಲ್ಲ. ಪ್ರಯತ್ನ ಮಾಡ್ತೇನಿ.”

ಅಂದೇ ಕೆಳಗಿನ ಸಾಲು ಶುರು ಮಾಡಿದರು. ಕೊಕ್ಕೆಯಂಥ ಸಣ್ಣ ಹತಾರದಿಂದ ವಸಡಿನೊಳಗೆ ಕೆರೆದರು. ಹಳದಿ, ಕಪ್ಪು ಚಕ್ಕೆಗಳು ಹತ್ತಿಯ ಮೇಲೆ ಬಿದ್ದವು, ಜೊತೆಗೆ ರಕ್ತ. ಶೆವಂತಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದಳು. ಮುಗಿದ ಮೇಲೆ ಡಾಕ್ಟರು ಅವಳ ಕೈಗೆ ಕನ್ನಡಿ ಕೊಟ್ಟು, ಬ್ರಶ್ ಹೇಗೆ ಹಿಡಿಯಬೇಕೆಂದು ತೋರಿಸಿದರು. ರಕ್ತ ಬರುತ್ತದೆಂದು ತಿಕ್ಕುವುದನ್ನು ಬಿಡಬಾರದು, ರಕ್ತ ಬರುವ ಜಾಗವನ್ನೇ ಸಾವಕಾಶ ತಿಕ್ಕಬೇಕು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಬೇಕು, ಮಿಸ್ರಿಯನ್ನಂತೂ ಮುಟ್ಟಲೇಬಾರದು. ಕೊನೆಯ ಮಾತಿಗೆ ಹಿರಾಬಾಯಿ ನೆಲ ನೋಡಿದಳು. ಹುರಿದ ತಂಬಾಕಿನ ಆ ಕರಿಪುಡಿಯನ್ನು ಅವಳು ಹಲ್ಲಿದ್ದಾಗಲೂ ತಿಕ್ಕುತ್ತಿದ್ದಳು, ಈಗ ಬರೀ ವಸಡಿಗೂ ತಿಕ್ಕುತ್ತಿದ್ದಳು. ಅದರ ಡಬ್ಬಿ ಆಗಲೂ ಅವಳ ಸೊಂಟದಲ್ಲೇ ಇತ್ತು.

ಮಾರನೆಯ ಮುಂಜಾನೆ ಶೆವಂತಾ ತಣ್ಣೀರು ಬಾಯಿಗೆ ಹಾಕಿದವಳು ಹಾ ಎಂದು ಉಗುಳಿದಳು. ಹಿರಾಬಾಯಿ ತುಟಿ ಇಳಿಸಿ ನೋಡಿದಳು. ಕೆಳಗಿನ ಹಲ್ಲುಗಳ ನಡುವೆ ನಿನ್ನೆ ಇಲ್ಲದ ಸಂದುಗಳು. ಹಲ್ಲು ಉದ್ದವಾದ ಹಾಗೆ ಕಾಣುತ್ತಿದ್ದವು. ಒತ್ತಿದರೆ ನಿನ್ನೆಗಿಂತ ಹೆಚ್ಚು ಆಡಿದವು.

ಹಿರಾಬಾಯಿಗೆ ಆಗ ಎಲ್ಲ ಸ್ಪಷ್ಟವಾಯಿತು, ಅಥವಾ ಸ್ಪಷ್ಟವಾಯಿತೆಂದು ಅವಳಿಗೆ ತೋರಿತು. ಗಂಜಿ! ಆ ಮನುಷ್ಯ ಕೆರೆದು ತೆಗೆದದ್ದು ಹಲ್ಲಿನ ಗಂಜಿ. ಮಗ್ಗಕ್ಕೆ ಹಾಕಿದ ನೂಲಿನ ಗಂಜಿ ಯಾರಾದರೂ ತೊಳೆಯುತ್ತಾರೆಯೆ? ತೊಳೆದರೆ ನೂಲು ಜೋತು ಬೀಳದೆ ಇನ್ನೇನಾದೀತು?

“ಸಾಕು,” ಎಂದಳು. “ಇನ್ನ ಅವನ ಮಾರಿ ನೋಡೂದು ಬ್ಯಾಡ.”

“ಅವ್ವಾ, ನಾಕ ದಿನ ಹಿಂಗs ಅನಸ್ತದಂತ ಡಾಕ್ಟರ್ ಮೊದಲs ಹೇಳ್ಯಾರ. ವಸಡಿ ಬಾವು ಇಳದ ಮ್ಯಾಲ ಹಲ್ಲ ಬಿಗಿ ಆಗ್ತಾವಂತ.”

“ಮತ್ತ ಆಗಲಿಲ್ಲಂದ್ರ? ಲಗ್ನಕ್ಕ ಉಳದದ್ದು ಆರು ವಾರ. ಒಂದೊಂದ ವಾರ ಒಂದೊಂದ ಹಲ್ಲಿನ ಬುಡಾ ಬಿಡಿಸಿಕೊಂಡು ಅಕ್ಕೀಕಾಳ ಬೀಳೂವಾಗ ಬೊಚ್ಚ ಬಾಯಿಲೆ ನಿಂದರ್ತಿಯೇನ?”

“ಲಗ್ನಾ ಮುಂದಕ್ಕ ಹಾಕ್ರಿ ಅಂತ ಅಪ್ಪಾಗ ಹೇಳಲೇನು?”

“ಹಲ್ಲ ಅಳ್ಳಾಡ್ತಾವಂತ ಬೀಗರಿಗೆ ಹೇಳ್ಲಿ ಅಂತಿಯೇನ? ಹುಚ್ಚಿ. ಅವರು ನೋಡಿದ್ದs ನಿನ್ನ ನಗಿ. ಲಗ್ನ ಆಗಲಿ, ಆಮ್ಯಾಲ ಎಷ್ಟ ಬೇಕಾದ್ರೂ ಕೆರಿಸಿಕೋ.”

ಹಿರಾಬಾಯಿ ಬ್ರಶ್ಶನ್ನು ಅಟ್ಟದ ಮೇಲೆ, ಬಿಚ್ಚಿಟ್ಟ ಮಗ್ಗದ ಹಿಂದೆ ಒಗೆದಳು. ತನಗೆ ತಿಳಿದದ್ದನ್ನು ಮಾಡಿದಳು. ಪಟಿಕದ ಪುಡಿ, ಜಾಲಿಯ ತೊಗಟೆ, ಮಿಸ್ರಿ, ದಿನಕ್ಕೆ ಎರಡು ಸಲ ತನ್ನ ಕೈಯಿಂದಲೇ ಹಚ್ಚಿದಳು. ಹತ್ತು ದಿನದಲ್ಲಿ ರಕ್ತ ನಿಂತಿತು. ವಸಡು ಕಪ್ಪಾಗಿ ಬಿಗಿದುಕೊಂಡಿತು. “ನೋಡಿದಿ?” ಎಂದು ಹಿರಾಬಾಯಿ ಎಷ್ಟೋ ದಿನದ ಮೇಲೆ ಸೆರಗಿನ ಮರೆಯಲ್ಲಿ ನಕ್ಕಳು. ಮೇಲೆ ಬಿಗಿದ ವಸಡಿನ ಕೆಳಗೆ ಕೀವು ತನ್ನ ಕೆಲಸ ಸದ್ದಿಲ್ಲದೆ ಮಾಡುತ್ತಿದೆ ಎಂದು ಅವಳಿಗೆ ಯಾರು ಹೇಳಬೇಕು? ಹೇಳಿದ್ದ ಒಬ್ಬನ ಬಾಗಿಲಿಗೇ ಹೋಗಬೇಡ ಎಂದಿದ್ದಳಲ್ಲ. ಶೆವಂತಾ ತಾಯಿಯ ಮಾತು ಮೀರುವ ಹುಡುಗಿಯಲ್ಲ. ಮೀರಿದ್ದರೆ ಚೆನ್ನಾಗಿತ್ತು.

ಗಡಹಿಂಗ್ಲಜದ ಚಪ್ಪರದಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದವು. ಶೆವಂತಾ ತುಟಿ ಬಿಗಿದು ಮುಗುಳ್ನಗುತ್ತ ನಿಂತಿದ್ದಳು. ಎಂಥ ಸಾತ್ವಿಕ ಹುಡುಗಿ ಎಂದು ಹೆಂಗಸರು ಮೆಚ್ಚಿಕೊಂಡರು. ಹಿರಾಬಾಯಿ ದೇವರಿಗೆ ಮನಸ್ಸಿನಲ್ಲೇ ಕೈಮುಗಿದಳು. ಇನ್ನು ಉಳಿದದ್ದು ಒಂದೇ ಗಂಡಾಂತರ, ಮಧ್ಯಾಹ್ನದ ವಿಡಾ ಕಡಿಯುವ ಆಟ.

ಮದುಮಗಳು ವೀಳ್ಯದೆಲೆಯ ಸುರುಳಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಅರ್ಧ ಹೊರಗೆ ಬಿಟ್ಟು ಕೂರಬೇಕು. ಮದುಮಗ ಕೈ ಹಿಂದೆ ಕಟ್ಟಿಕೊಂಡು ಆ ಅರ್ಧವನ್ನು ಬಾಯಿಂದಲೇ ಕಡಿದುಕೊಳ್ಳಬೇಕು. ಅವಳು ಬಿಗಿಯಾಗಿ ಕಚ್ಚಿದಷ್ಟೂ ಮೋಜು, ಸುತ್ತಲಿನ ಹೆಂಗಸರ ಕೂಗಾಟ. ಈ ಆಟಕ್ಕೆಂದು ಹಿರಾಬಾಯಿ ಮುಂಜಾನೆಯೇ ಎಳೆಯ ಎಲೆ ಆರಿಸಿ, ಅಡಿಕೆ ಹಾಕದೆ, ಸುಣ್ಣ ಕಾಚು ಮಾತ್ರ ಸವರಿ, ಮುಟ್ಟಿದರೆ ಹರಿಯುವಂಥ ಮೆತ್ತನೆಯ ವಿಡಾ ತಾನೇ ಸುತ್ತಿಟ್ಟಿದ್ದಳು.

ಇಂದುಬಾಯಿ ತಟ್ಟೆಯಿಂದ ಅದನ್ನು ಎತ್ತಿ ಹಿಚುಕಿ ನೋಡಿದಳು.

“ಇದೇನ್ರಿ ಬೀಗತಿ, ವಿಡಾ ಮಾಡೀರೋ, ಕೂಸಿಗೆ ನೆಕ್ಕಿಸೂ ಗುಟ್ಟಿ ಮಾಡೀರೋ?”

“ಇರಲಿ ಬಿಡ್ರಿ ಅಕ್ಕಾ,” ಹಿರಾಬಾಯಿ ಅದನ್ನು ಇಸಿದುಕೊಳ್ಳಲು ಕೈ ಚಾಚಿದಳು. “ಹುಡುಗಿ ಮುಂಜಾನಿಂದ ಉಪಾಸ ಐತಿ. ಆಟಾ ಬ್ಯಾಡಾಗಿತ್ತು.”

“ಅಯ್ಯ, ಆಟಾ ಇಲ್ಲದ ಲಗ್ನ ಎಲ್ಲೈತ್ರಿ!”

ಇಂದುಬಾಯಿ ಸುರುಳಿ ಬಿಚ್ಚಿದಳು. ಒಣಕೊಬ್ಬರಿಯ ಉದ್ದ ತುಂಡು ನಡುವೆ ಇಟ್ಟು, ಮತ್ತೆರಡು ಎಲೆ ಮೇಲೆ ಸುತ್ತಿ, ಶೆವಂತಾಳ ಹಲ್ಲಿಗೆ ಕೊಟ್ಟಳು. ಅವಳಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ, ಸಂಭ್ರಮ ಇತ್ತು. ಶೆವಂತಾ ಒಂದು ಸಲ ತಾಯಿಯ ಕಡೆ ನೋಡಿದಳು. ಇಡೀ ಚಪ್ಪರದ ಮುಂದೆ ಹಿರಾಬಾಯಿ ಏನು ಹೇಳಿಯಾಳು?

ಶಂಕರಲಿಂಗ ಬಾಗಿ ಕಚ್ಚಿ ಎಳೆದ. ಕೊಬ್ಬರಿ ತುಂಡಾಗಲಿಲ್ಲ. “ಬಿಡಬ್ಯಾಡವಾ ಶೆವಂತಾ!” ಎಂದು ಹೆಂಗಸರು ಕೂಗಿದರು. ಅವನು ಇನ್ನೊಮ್ಮೆ ಎಳೆದ. ವಿಡಾ ಪೂರ್ತಿ ಅವನ ಬಾಯಿಗೆ ಬಂತು. ಹೋ ಎಂದು ಚಪ್ಪಾಳೆ ಬಿತ್ತು. ಶೆವಂತಾ ಫಕ್ಕನೆ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ನಾಚಿದಳು, ನಾಚಿದಳು ಎಂದರು. ಸೆರಗಿನ ಅಂಚು ಕೆಂಪಾಯಿತು. ಕಾಚಿನ ಕೆಂಪು ಎಂದುಕೊಂಡರು.

ಶಂಕರಲಿಂಗನ ದವಡೆ ಒಂದು ಗಳಿಗೆ ನಿಂತುಬಿಟ್ಟದ್ದನ್ನು ಹಿರಾಬಾಯಿ ಒಬ್ಬಳೇ ನೋಡಿದಳು. ಅವನು ಹೆಂಡತಿಯ ಬಗ್ಗಿದ ತಲೆಯನ್ನು ನೋಡಿದ, ಆಮೇಲೆ ಎಲ್ಲರ ಮುಂದೆ ನಗುತ್ತ ಮೆಲ್ಲಗೆ ಅಗಿಯತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ಉಗುಳುವ ನೆಪ ಮಾಡಿ ಹಿತ್ತಲಿಗೆ ಎದ್ದು ಹೋದ. ಹಿರಾಬಾಯಿ ಹಿಂದೆಯೇ ಹೋದಳು. ಅವನು ಅಂಗೈಗೆ ಉಗುಳಿ, ಎಲೆಯ ಚೂರಿನೊಳಗಿಂದ ಹಲ್ಲನ್ನು ಆರಿಸಿ, ಹಂಡೆಯ ನೀರಿನಲ್ಲಿ ತೊಳೆದು ಶಲ್ಯದ ಅಂಚಿಗೆ ಗಂಟು ಹಾಕುತ್ತಿದ್ದ.

“ಮೋಸ ಮಾಡೇನ್ರಿ ಅಳಿಯಂದಿರs,” ಎಂದು ಅವಳು ಕಾಲಿಗೆ ಬೀಳಹೋದಳು.

“ಅತ್ತಿ, ಏಳ್ರಿ. ಮಂದಿ ನೋಡ್ತಾರ.” ಅವನು ಹಿಂದೆ ಸರಿದ. “ಹಲ್ಲ ಹೋದ್ರ ಹೋಗ್ಲಿ. ಡಾಕ್ಟರಿಗೆ ಯಾಕ ತೋರಿಸಲಿಲ್ರಿ?”

“ತೋರಿಸಿದ್ದೆ.”

“ಮತ್ತ?”

ಹಿರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಗಂಟನ್ನು ಬಿಗಿ ಮಾಡಿ ಚಪ್ಪರಕ್ಕೆ ಹಿಂತಿರುಗಿದ.

ಆಷಾಢಕ್ಕೆ ಶೆವಂತಾ ತವರಿಗೆ ಬಂದಳು. ಅಷ್ಟರಲ್ಲಿ ಶಂಕರಲಿಂಗ ಐದು ಮಂಗಳವಾರ ಅಂಗಡಿ ಮುಚ್ಚಿ ಅವಳನ್ನು ಕೊಲ್ಹಾಪುರಕ್ಕೆ ಕರೆದೊಯ್ದಿದ್ದ. ಮೇಲಿನ ಸಾಲಿನಲ್ಲಿ ಇನ್ನೂ ಮೂರು ಹಲ್ಲನ್ನು ಡಾಕ್ಟರೇ ಕೀಳಬೇಕಾಗಿ ಬಂದಿತ್ತು. ಉಳಿದವು ನಿಂತಿದ್ದವು. ಆರನೆಯ ಮಂಗಳವಾರ ತವರಿನಲ್ಲಿರುವಾಗ ಬಂತು, ಹಿರಾಬಾಯಿಯೇ ಜೊತೆಗೆ ಹೊರಟಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಕಪಾಟಿನಿಂದ ಹತ್ತಿಯಲ್ಲಿ ಸುತ್ತಿಟ್ಟ ಒಂದು ಹಲ್ಲು ತೆಗೆದು ಅವಳ ಅಂಗೈಯಲ್ಲಿಟ್ಟರು. ಶಂಕರಲಿಂಗ ಶಲ್ಯದಲ್ಲಿ ಗಂಟು ಹಾಕಿ ತಂದದ್ದು ಅದೇ. ಮೇಲೆ ಹಾಲಿನಂಥ ಬಿಳುಪು, ಒಂದು ಚುಕ್ಕೆ ಇಲ್ಲ. ಬೇರಿನ ಸುತ್ತ ಮಾತ್ರ ಕರಿಯ ಕಿಟ್ಟ, ತುದಿಯ ಹತ್ತಿರದ ತನಕ.

“ಇದು ಹಲ್ಲಿನ ಗಂಜಿ ಅಂತ ತಿಳಕೊಂಡೆ, ಸಾಹೇಬ್ರ,” ಎಂದಳು ಹಿರಾಬಾಯಿ. “ತಗದ್ರ ಹಲ್ಲ ನಿಂದ್ರೂದಿಲ್ಲ ಅಂದುಕೊಂಡೆ. ನಾವು ನೇಕಾರ್ರು.”

ಡಾಕ್ಟರು ಕಪಾಟಿನ ಬಾಗಿಲು ಮುಚ್ಚಿದರು. “ಗಂಜೀಲೆ ಇದ್ದ ಬಟ್ಟಿ ತೊಳೀದs ಪೆಟ್ಟಗ್ಯಾಗ ಇಟ್ರ ಏನಾಗ್ತೈತಿ, ಬಾಯಿ?”

“ಮಳಿಗಾಲದಾಗ ಬೂಸರ ಹಿಡೀತೈತ್ರಿ. ನುಸಿ ಹತ್ತಿ ಬಟ್ಟಿ ತಿಂದ...”

ಊರಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಇದು ಅವಳಿಗೆ ಗೊತ್ತಿತ್ತು. ಗಂಜಿ ತೊಳೆಯದೆ ಇಟ್ಟ ಸೀರೆ ಪೆಟ್ಟಿಗೆಯಲ್ಲಿ ಜರಡಿಯಾದದ್ದನ್ನು ಎಷ್ಟು ಸಲ ಕಂಡಿದ್ದಳು, ಓಣಿಯ ಎಷ್ಟು ಜನ ಸೊಸೆಯಂದಿರಿಗೆ ಬುದ್ಧಿ ಹೇಳಿದ್ದಳು. ಆ ಅರ್ಧ ಅವಳಿಗೆ ಆವತ್ತು ನೆನಪಾಗಲಿಲ್ಲ. ಬೇಕಾದ ಅರ್ಧವಷ್ಟೇ ನೆನಪಾಗಿತ್ತು.

ಶೆವಂತಾ ಕುರ್ಚಿಯಿಂದ ಇಳಿದು ಹೊರಗೆ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು: “ಆವತ್ತಿನ ಮುಂದಿನ ಮಂಗಳವಾರನs ನಾ ಕರಕೊಂಡ ಬಂದಿದ್ರ, ಈ ನಾಕೂ ಉಳೀತಿದ್ವೇನ್ರಿ?”

ಡಾಕ್ಟರು ಕೈ ತೊಳೆಯುತ್ತಿದ್ದರು. ತೊಳೆದ ಕೈಯನ್ನೇ ಮತ್ತೆ ತೊಳೆದರು.

“ಆತಾ ಕಶಾಲಾ ತೇ, ಬಾಯಿ?” ಎಂದರು. ಈಗ ಯಾಕೆ ಆ ಮಾತು.

ಧೈರ್ಯ ತುಂಬುವಾಗಷ್ಟೇ ಅವರು ಮರಾಠಿಗೆ ಹೊರಳುವುದು ಹಿರಾಬಾಯಿಗೆ ನೆನಪಿತ್ತು. ಅವಳಿಗೆ ಉತ್ತರ ಸಿಕ್ಕಿತು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಸೊಂಟದ ಮಿಸ್ರಿ ಡಬ್ಬಿಯನ್ನು ತೆಗೆದು ಗಟಾರಕ್ಕೆ ಹಾಕಿದಳು.

ಆ ಇಡೀ ತಿಂಗಳು ಶೆವಂತಾ ಮನೆಯಲ್ಲಿ ಸೆರಗು ಬಾಯಿಗೆ ಹಿಡಿದೇ ಮಾತಾಡಿದಳು. ಊಟ ಮಾಡುವಾಗ ಗೋಡೆಯ ಕಡೆ ತಿರುಗಿ ಕೂತಳು. ಹಿರಾಬಾಯಿಗೆ ಅದನ್ನು ನೋಡುವುದೇ ಶಿಕ್ಷೆಯಾಯಿತು. ನನ್ನ ನಾಚಿಕೆಯನ್ನೂ ಇವಳಿಗೆ ದಾಟಿಸಿಬಿಟ್ಟೆ, ಆಡು ಸೀನಿದರೂ ನಗುವ ಹುಡುಗಿಯನ್ನು ನನ್ನ ಹಾಗೆ ಮಾಡಿಬಿಟ್ಟೆ ಎಂದು ರಾಟೆಯ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಆಷಾಢ ಮುಗಿದ ದಿನ ಶಂಕರಲಿಂಗ ಕರೆಯಲು ಬಂದ. ಹಿರಾಬಾಯಿ ನೀರಿಗೆಂದು ನಳದ ಕಡೆ ಹೋಗಿದ್ದವಳು ಕೊಡ ಹೊತ್ತು ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ನಗು ಕೇಳಿಸಿತು. ಹಳೆಯ ನಗು, ಬಾಯಿ ತುಂಬ. ಅವಳು ಹೊಸ್ತಿಲಲ್ಲೇ ನಿಂತಳು.

ಅಳಿಯ ನೆಲದ ಮೇಲೆ ಕೂತು ಅವಳ ರಾಟೆಗೆ ಸೈಕಲ್ಲಿನ ಎಣ್ಣೆ ಬಿಡುತ್ತಿದ್ದ. ಮುಖದ ಮೇಲೆಲ್ಲ ಮಸಿ. ಏನೋ ಹೇಳಿದ್ದ, ಶೆವಂತಾ ಎದುರಿಗೆ ಗೋಡೆಗೆ ಒರಗಿ ನಗುತ್ತಿದ್ದಳು. ಸೆರಗು ಹೆಗಲ ಮೇಲಿತ್ತು. ಮೇಲಿನ ಸಾಲಿನ ನಡುವೆ ನಾಲ್ಕು ಹಲ್ಲಿನ ಕತ್ತಲೆ ಪೂರ್ತಿ ತೆರೆದಿತ್ತು. ಅವನು ಎಣ್ಣೆ ಬಿಡುವುದನ್ನು ಬಿಟ್ಟು ಆ ಬಾಯಿಯನ್ನೇ ನೋಡುತ್ತಿದ್ದ, ಅದರಲ್ಲಿ ಏನೂ ಕಡಿಮೆ ಇಲ್ಲ ಎನ್ನುವ ಹಾಗೆ. ತನ್ನನ್ನು ಯಾರೂ ಎಂದೂ ಹಾಗೆ ನೋಡಿರಲಿಲ್ಲ ಎಂದು ಹಿರಾಬಾಯಿಗೆ ಅನ್ನಿಸಿತು, ಅನ್ನಿಸಿ ಸಂತೋಷವೂ ಆಯಿತು, ಸಂಕಟವೂ ಆಯಿತು.

ಶೆವಂತಾ ತಿರುಗಿ ತಾಯಿಯನ್ನು ಕಂಡಳು. ಕಂಡದ್ದೇ ಅವಳ ಕೈ ಸೆರಗಿಗೆ ಹೋಯಿತು. ಸೆರಗು ಬಾಯಿಗೆ ಬಂತು.

ಆಗ ಹಿರಾಬಾಯಿಗೆ ತಿಳಿಯಿತು. ಮಗಳಿಗೆ ಗಂಡನ ಮುಂದೆ ನಾಚಿಕೆ ಇರಲಿಲ್ಲ, ಯಾರ ಮುಂದೆಯೂ ಇರಲಿಲ್ಲ. ಆ ಒಂದು ತಿಂಗಳು ಅವಳು ಬಾಯಿ ಮುಚ್ಚಿಕೊಂಡಿದ್ದು ಅವ್ವನ ಕಣ್ಣಿಗೆ ಅದು ಬೀಳಬಾರದೆಂದು.

ಕೊಡ ಇಳಿಸಿ ಹತ್ತಿರ ಹೋದಳು. ಮಗಳ ಮಣಿಕಟ್ಟು ಹಿಡಿದಳು.

“ತಗಿ.”

“ಬ್ಯಾಡವ್ವಾ.”

“ತಗಿಯವ್ವಾ. ನಾ ನೋಡ್ತೇನಿ.”

ಶೆವಂತಾ ಸೆರಗು ಬಿಟ್ಟಳು. ಹಿರಾಬಾಯಿ ನೋಡಿದಳು. ಕಣ್ಣು ತುಂಬಿ ಏನೂ ಕಾಣದಾದ ಮೇಲೂ ಮುಖ ತಿರುಗಿಸಲಿಲ್ಲ.